ಕ್ಯಾಲಿಫೋರ್ನಿಯಾದಿಂದ ಸ್ಟುಟ್‌ಗಾರ್ಟ್‌ಗೆ ಬಂದಿದ್ದೇನೆ, ಇಲ್ಲಿನ ದಿನಚರಿಗೆ ಒಗ್ಗಿಕೊಳ್ಳೋದು ಹೇಗೆ?

ಸನ್ನಿವೇಲ್_ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಅಪ್ಪ ಅಮ್ಮ ಮೈಸೂರಿನವರು. ಮಾತಾಡೋದು ಮನೆಯಲ್ಲಿ ಬಂತು, ಬರೆಯೋದು ವಾರಾಂತ್ಯದ ಕನ್ನಡ ಶಾಲೆಯಲ್ಲಿ. ವಯಸ್ಸು 25. ಕೆಲಸ ಸಿಕ್ಕಿ ಸ್ಟುಟ್‌ಗಾರ್ಟ್‌ಗೆ ಬಂದೆ, ಒಂದು ಚಳಿಗಾಲ ಕಳೆಯಿತು.

ವೀಸಾ ಬಗ್ಗೆ ಕೇಳುತ್ತಿಲ್ಲ, ಅದನ್ನು ಆಫೀಸಿನವರೇ ನೋಡಿಕೊಂಡರು. ಮನೆಗೆ ಬಂದ ಎರಡು ವಾರದೊಳಗೆ ಮಾಲೀಕರ ಸಹಿ ಇರುವ ಕಾಗದ ಹಿಡಿದುಕೊಂಡು ಹೋಗಿ ಅನ್‌ಮೆಲ್ಡುಂಗ್ (ವಿಳಾಸದ ನೋಂದಣಿ) ಕೂಡ ಮಾಡಿಸಿದ್ದೇನೆ. ನನ್ನ ತಲೆನೋವು ದಿನದಿನದ ಬದುಕಿನದು.

ಬಾಡಿಗೆ ಮನೆಯಲ್ಲಿ ಅಡುಗೆಕೋಣೆ ಅಂತ ಕೊಟ್ಟ ಜಾಗದಲ್ಲಿ ನೀರಿನ ಪೈಪು, ಒಲೆಗೆ ಒಂದು ದಪ್ಪ ವೈರು, ಅಷ್ಟೇ. ಸಿಂಕ್ ಕೂಡ ಇಲ್ಲ! ಒಂದು ಬ್ಯಾಂಕಿನ ಆ್ಯಪ್‌ನಲ್ಲಿ ಎಲ್ಲ ತುಂಬಿದೆ. ನೀವು ಅಮೆರಿಕದ ಪ್ರಜೆಯೇ ಅಂತ ಕೇಳಿತು. ಹೌದು ಅಂದೆ. ಕ್ಷಮಿಸಿ, ಖಾತೆ ಕೊಡಲಾಗುವುದಿಲ್ಲ ಅಂತ ಬಂತು. ಬಾಗಿಲಿಗೆ ಯಾರೋ ಒಂದು ಮರದ ಫಲಕ ನೇತು ಹಾಕಿ ಹೋಗುತ್ತಾರೆ, ಅದು ಬಂದ ವಾರ ಮೆಟ್ಟಿಲು ನಾನು ಗುಡಿಸಬೇಕಂತೆ. ಆಫೀಸಿನಲ್ಲಿ ಸೋಮವಾರ ಯಾರೂ ವಾರಾಂತ್ಯ ಹೇಗಿತ್ತು ಅಂತ ಕೇಳುವುದಿಲ್ಲ. ಅಮ್ಮನಿಗೆ ಫೋನ್ ಮಾಡಬೇಕೆಂದರೆ ಒಂಬತ್ತು ಗಂಟೆ ವ್ಯತ್ಯಾಸ.

ಅಮೆರಿಕದಿಂದ ಬಂದು ಇಲ್ಲಿ ನೆಲೆ ನಿಂತವರು ಯಾರಾದರೂ ಇದ್ದೀರಾ? ಬೆಂಗಳೂರಿನಿಂದ ಬಂದವರೂ ಹೇಳಿ. ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು?

ಎಸ್ಲಿಂಗನ್_ಅಕ್ಕ:

ಬಾಪ್ಪಾ. ನಾನು ನಿನ್ನ ಪಕ್ಕದ ಊರಿನಲ್ಲೇ ಇದ್ದೇನೆ. ಹತ್ತು ವರ್ಷದ ಮೇಲಾಯಿತು, ಹಾಗಾಗಿ ನೀನು ಅಂತಲೇ ಕರೆಯುತ್ತೇನೆ, ಬೇಜಾರಿಲ್ಲ ತಾನೇ?

ಆ ಫಲಕ ಕೆರ್‌ವೋಹೆಯದು, ಅಂದರೆ ಗುಡಿಸುವ ವಾರದ್ದು. ಜರ್ಮನಿಯ ಎಲ್ಲ ಕಡೆ ಇಲ್ಲ, ನಮ್ಮ ಸ್ವಾಬಿಯಾ ಸೀಮೆಯ ಪದ್ಧತಿ. ಚಿಕ್ಕದು ಅಂತ ಇದೆ, ದೊಡ್ಡದು ಅಂತ ಇದೆ. ಚಿಕ್ಕದರಲ್ಲಿ ನಿನ್ನ ಮಹಡಿಯ ಮೆಟ್ಟಿಲು, ಹಿಡಿದುಕೊಳ್ಳುವ ಕಂಬಿ, ಬಾಗಿಲ ಮುಂದಿನ ಜಾಗ. ದೊಡ್ಡದರಲ್ಲಿ ಮನೆಯ ಮುಂದಿನ ಫುಟ್‌ಪಾತ್, ನೆಲಮಾಳಿಗೆಯ ದಾರಿ, ಕಸದ ಡಬ್ಬ ಇಡುವ ಜಾಗವೂ ಸೇರುತ್ತದೆ. ಬಾಡಿಗೆ ಕರಾರಿನಲ್ಲಿ ಇದ್ದರೆ ಮಾಡಲೇಬೇಕು. ಕೆಲವು ಕಡೆ ಚಳಿಗಾಲದಲ್ಲಿ ಹಿಮ ಗೋರುವುದನ್ನೂ ಬಾಡಿಗೆದಾರರಿಗೇ ಬರೆದಿರುತ್ತಾರೆ, ಕರಾರು ತೆಗೆದು ನೋಡು.

ಒಂದು ಗುಟ್ಟು ಹೇಳುತ್ತೇನೆ. ಎಷ್ಟು ಸ್ವಚ್ಛ ಮಾಡಿದೆ ಅನ್ನುವುದಕ್ಕಿಂತ ಮಾಡುವಾಗ ಕಣ್ಣಿಗೆ ಬಿದ್ದೆಯಾ ಅನ್ನುವುದೇ ಇಲ್ಲಿ ಮುಖ್ಯ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಬಕೆಟ್ ಹಿಡಿದು ನಿಂತುಕೋ. ಮೇಲಿನ ಮನೆಯ ಅಜ್ಜಿ ಇಳಿದು ಬರುತ್ತಾರೆ, ಗ್ರೂಸ್ ಗಾಟ್ ಅಂತ ನಮಸ್ಕಾರ ಹೇಳು. ಆ ಅಜ್ಜಿಗೆ ನೀನು ಇಷ್ಟವಾದರೆ ನಿನ್ನ ಪಾರ್ಸೆಲ್‌ಗಳೆಲ್ಲ ಅವರ ಮನೆಯಲ್ಲಿ ಭದ್ರ.

ಬ್ಲೂಕಾರ್ಡ್_ಬಸವ:

ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡು ಕಷ್ಟ ಅಂತೀರಲ್ಲ ಸರ್. ನೀವು ವೀಸಾ ಇಲ್ಲದೆ ವಿಮಾನ ಇಳಿದು, 90 ದಿನದೊಳಗೆ ಇಲ್ಲೇ ಅರ್ಜಿ ಹಾಕಿದರೆ ಸಾಕು. ನಾವು ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್‌ಗೆ ಕಾದು, ಪದವಿ ಪತ್ರಕ್ಕೆ ಮಾನ್ಯತೆ ತಗೊಂಡು, ವೀಸಾ ಅಂಟಿಸಿಕೊಂಡೇ ಹತ್ತಬೇಕು. ಫ್ರಾಂಕ್‌ಫರ್ಟ್‌ನಲ್ಲಿ ಮನೆ ನೋಡಲು ಹೋದಾಗ ನನ್ನ ಹಿಂದೆ ಸಾಲು ಇಡೀ ಮೆಟ್ಟಿಲಿಗಿತ್ತು. ಮೆಟ್ಟಿಲು ಗುಡಿಸೋದು ಒಂದು ಸಮಸ್ಯೆನಾ?

ಸನ್ನಿವೇಲ್_ಹುಡುಗ:

ಬಸವ ಅಣ್ಣ, ಒಪ್ಪುತ್ತೇನೆ. ಒಳಗೆ ಬರೋದು ನನಗೆ ಸುಲಭ ಆಯಿತು. ಆದರೆ ನಿಮಗೆ ಯಾವ ಬ್ಯಾಂಕೂ ನೀವು ಭಾರತದವರು ಅನ್ನೋ ಒಂದೇ ಕಾರಣಕ್ಕೆ ಖಾತೆ ಇಲ್ಲ ಅಂದಿರಲಿಕ್ಕಿಲ್ಲ ಅಲ್ವಾ? ನನ್ನ ಸಹೋದ್ಯೋಗಿಗಳು ಫೋನಿನಲ್ಲೇ ಷೇರು ಕೊಳ್ಳುತ್ತಾರೆ. ನನಗೆ ಆ ಆ್ಯಪ್ ಕೂಡ ಇಲ್ಲ ಅಂತು.

ಲೆಕ್ಕದ_ಪುಸ್ತಕ:

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಮ್ಯೂನಿಕ್‌ನಿಂದ. ನಾನೂ ಅಮೆರಿಕದ ಪ್ರಜೆ. ಹುಟ್ಟಿದ್ದು ಶಿವಮೊಗ್ಗದಲ್ಲಿ, ಪೌರತ್ವ ಸಿಕ್ಕಿದ್ದು ಚಿಕಾಗೊದಲ್ಲಿ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ತಗೊಂಡು ಕೂತು ಓದಿ.

ಬ್ಯಾಂಕ್ ಯಾಕೆ ಓಡುತ್ತದೆ? 2010ರಲ್ಲಿ ಅಮೆರಿಕ ಫಾಟ್ಕಾ ಅನ್ನುವ ಕಾನೂನು ತಂದಿತು. ಹೊರದೇಶದ ಬ್ಯಾಂಕುಗಳು ತಮ್ಮಲ್ಲಿ ಯಾವ ಅಮೆರಿಕನ್ನರ ಖಾತೆ ಇದೆ ಅಂತ ವರದಿ ಒಪ್ಪಿಸಬೇಕು. ಆ ಕೆಲಸ, ಆ ಖರ್ಚು ಬೇಡ ಅಂದವರು ನಮ್ಮನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಆ್ಯಪ್ ಬ್ಯಾಂಕು ಬಿಡಿ. ಶಾಖೆ ಇರುವ ಸ್ಪಾರ್ಕಾಸ್ಸೆ, ಫೋಕ್ಸ್‌ಬ್ಯಾಂಕ್ ತರಹದ ಕಡೆಗೆ ಪಾಸ್‌ಪೋರ್ಟ್, ಅನ್‌ಮೆಲ್ಡುಂಗ್ ಕಾಗದ, ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ನಂಬರ್ ತಗೊಂಡು ನೇರ ಹೋಗಿ. ಒಂದು ಫಾರಂ ಜಾಸ್ತಿ ತುಂಬಿಸಿಕೊಳ್ಳುತ್ತಾರೆ. ಸಂಬಳದ ಸಾದಾ ಖಾತೆ ಸಾಮಾನ್ಯವಾಗಿ ಆಗುತ್ತದೆ.

ಷೇರಿನ ವಿಷಯ ಬೇರೆ. ಯುರೋಪಿನ ಇಟಿಎಫ್, ಮ್ಯೂಚುವಲ್ ಫಂಡ್ ಅಮೆರಿಕದ ತೆರಿಗೆ ಇಲಾಖೆಯ ಕಣ್ಣಿಗೆ ಪಿಎಫ್‌ಐಸಿ, ಅಂದರೆ ಹೊರದೇಶದ ಹೂಡಿಕೆ ಕಂಪನಿ. ಅದಕ್ಕೆ 8621 ಅಂತ ಒಂದು ಫಾರಂ, ತೆರಿಗೆ ಲೆಕ್ಕವೂ ಕೆಟ್ಟದ್ದು. ಸಹೋದ್ಯೋಗಿಗಳು ಕೊಳ್ಳುತ್ತಾರೆ ಅಂತ ನೀವು ಕೊಳ್ಳಬೇಡಿ. ಆ ಆ್ಯಪ್ ಇಲ್ಲ ಅಂದದ್ದು ಒಳ್ಳೆಯದೇ ಆಯಿತು.

ಇನ್ನು ವರ್ಷಕ್ಕೊಮ್ಮೆ ಅಮೆರಿಕಕ್ಕೆ ತೆರಿಗೆ ರಿಟರ್ನ್. ಒಂದು ಡಾಲರೂ ಅಲ್ಲಿ ದುಡಿಯದಿದ್ದರೂ ಸಲ್ಲಿಸಬೇಕು, ಪಾಸ್‌ಪೋರ್ಟ್ ಇರುವವರೆಗೂ ಇದು ತಪ್ಪಿದ್ದಲ್ಲ. ಹೊರಗಿರುವವರಿಗೆ ಜೂನ್ 15ರವರೆಗೆ ತಾನಾಗಿಯೇ ಅವಧಿ ಸಿಗುತ್ತದೆ. ಕಟ್ಟುವುದು ಬೇರೆ, ಸಲ್ಲಿಸುವುದು ಬೇರೆ. ಜರ್ಮನಿಯ ತೆರಿಗೆಯೇ ಜಾಸ್ತಿ ಇರುವುದರಿಂದ ಇಲ್ಲಿ ಕಟ್ಟಿದ್ದನ್ನು ಅಲ್ಲಿನ ತೆರಿಗೆಯಲ್ಲಿ ಕಳೆದರೆ ಬರೀ ಸಂಬಳದವರಿಗೆ ಬಾಕಿ ಹೆಚ್ಚಾಗಿ ಸೊನ್ನೆಯೇ. ಇನ್ನೊಂದು ದಾರಿ, ಹೊರದೇಶದ ದುಡಿಮೆಯನ್ನೇ ಲೆಕ್ಕದಿಂದ ಹೊರಗಿಡೋದು. 2025ರ ಆದಾಯಕ್ಕೆ ಅದರ ಮಿತಿ 1,30,000 ಡಾಲರ್. ಜರ್ಮನಿಯಲ್ಲಿರುವವರಿಗೆ ಮೊದಲ ದಾರಿಯೇ ವಾಸಿ ಅಂತ ನನ್ನ ಅಭಿಪ್ರಾಯ.

ಈಗ ನಮ್ಮ ಮನೆಗಳಲ್ಲಿ ಎಲ್ಲರೂ ಎಡವುವ ಜಾಗ. ಅಮೆರಿಕದ ಹೊರಗಿನ ನಿಮ್ಮ ಎಲ್ಲ ಖಾತೆಗಳ ಮೊತ್ತ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದರೆ ಎಫ್‌ಬಾರ್ ಅಂತ ಬೇರೆ ವರದಿ ಕೊಡಬೇಕು. ಸ್ಟುಟ್‌ಗಾರ್ಟ್ ಖಾತೆ ಮಾತ್ರ ಅಲ್ಲ. ಮೈಸೂರಿನಲ್ಲಿ ತಾತನೋ ಅಪ್ಪನೋ ನಿಮ್ಮ ಹೆಸರು ಜಂಟಿಯಾಗಿ ಸೇರಿಸಿ ಇಟ್ಟ ಎಫ್‌ಡಿ ಇದೆಯಾ? ಅದೂ ಸೇರುತ್ತದೆ. ಇವತ್ತೇ ಮನೆಗೆ ಫೋನ್ ಮಾಡಿ ಕೇಳಿ.

ಸನ್ನಿವೇಲ್_ಹುಡುಗ:

ಅಯ್ಯೋ ಅಂಕಲ್. ಅಮ್ಮನನ್ನು ಕೇಳಿದೆ. "ನಿನ್ನ ನಾಮಕರಣಕ್ಕೆ ಅಜ್ಜಿ ಇಟ್ಟದ್ದು ಒಂದಿದೆ, ರಿನ್ಯೂ ಆಗುತ್ತಾ ಬಂದಿದೆ" ಅಂದರು.

ಲೆಕ್ಕದ_ಪುಸ್ತಕ:

ನಾನು ಹೇಳಲಿಲ್ವಾ. ಪ್ರತಿ ಮನೆಯಲ್ಲೂ ಒಂದು ಇರುತ್ತದೆ. ಬಡ್ಡಿಯನ್ನು ರಿಟರ್ನ್‌ನಲ್ಲೂ ತೋರಿಸಿ. ಹಿಂದಿನ ವರ್ಷಗಳದ್ದು ಬಿಟ್ಟುಹೋಗಿದ್ದರೆ ಸುಮ್ನೆ ನೀವೇ ಏನೂ ಕಳಿಸಬೇಡಿ. ಹೊರದೇಶದ ಅಮೆರಿಕನ್ನರ ತೆರಿಗೆ ನೋಡುವ ಲೆಕ್ಕಿಗರೊಬ್ಬರನ್ನು ಮೊದಲು ಕೇಳಿ, ಅಂಥವರಿಗೆ ಅಂತಲೇ ಸರಿಪಡಿಸಿಕೊಳ್ಳುವ ದಾರಿ ಇದೆ.

ಬ್ಲೂಕಾರ್ಡ್_ಬಸವ:

ಸರಿ, ಈ ವಿಷಯದಲ್ಲಿ ನಾನು ಸೋತೆ. ನಮಗೆ ಈ ಕಾಟ ಇಲ್ಲ. ಬ್ರದರ್, ಅನುಕಂಪ ಇದೆ.

ಹುಬ್ಬಳ್ಯಾಂವ:

ನಮಸ್ಕಾರ್ರೀ. ಬ್ಯಾಂಕಿನ ಮಾತು ದೊಡ್ಡವರು ಆಡಿದರು, ನಾನು ಅಡುಗೆಮನೆ ಮಾತಾಡುತ್ತೇನೆ. ನಾನು ಇರೋದು ಲುಡ್ವಿಗ್ಸ್‌ಬರ್ಗ್.

ಇಲ್ಲಿ ಬಾಡಿಗೆದಾರರು ಹೋಗುವಾಗ ಅಡುಗೆಮನೆ ಕಿತ್ತುಕೊಂಡೇ ಹೋಗುತ್ತಾರೆ. ಸಿಂಕು, ಕಪಾಟು, ಒಲೆ ಎಲ್ಲ. ಕೆಲವರು ಬಲ್ಬ್ ಕೂಡ ಬಿಡುವುದಿಲ್ಲರೀ! ಹೊಸದು ಮಾಡಿಸಲು ಹೋಗಬೇಡಿ. ಕ್ಲೈನ್‌ಆನ್‌ತ್ಸೈಗನ್ ಅನ್ನುವ ಜಾಹೀರಾತಿನ ಜಾಲತಾಣದಲ್ಲಿ ಹಳೆಯದು ನೋಡಿ. ಮನೆ ಬದಲಿಸುವವರು ಒಂದೇ ವಾರದಲ್ಲಿ ಖಾಲಿ ಮಾಡಬೇಕಾಗಿರುತ್ತದೆ, ಅಗ್ಗಕ್ಕೆ ಬಿಡುತ್ತಾರೆ, ಒಮ್ಮೊಮ್ಮೆ ಬಿಚ್ಚಿಕೊಂಡು ಹೋದರೆ ಪುಕ್ಕಟೆ. ಒಲೆಯ ವೈರ್ ಮಾತ್ರ ಎಲೆಕ್ಟ್ರಿಷಿಯನ್ ಕೈಲಿ ಜೋಡಿಸಿ. ಅದು ಮೂರು ಫೇಸಿನದು, ಆಟ ಅಲ್ಲ. ಮುಂದೆ ಮನೆ ನೋಡುವಾಗ ಜಾಹೀರಾತಿನಲ್ಲಿ ಇಬಿಕೆ ಅಂತ ಇದೆಯಾ ನೋಡಿ, ಅಡುಗೆಮನೆ ಜೋಡಿಸಿದೆ ಅಂತ ಅರ್ಥ. ಮುಂಗಡ ಎಷ್ಟು ಕೊಟ್ಟಿರಿ? ಕಾನೂನಿನ ಪ್ರಕಾರ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದೂ ಹೀಟಿಂಗ್, ನೀರಿನ ಖರ್ಚು ಸೇರದ ಬರೀ ಬಾಡಿಗೆ ಲೆಕ್ಕದಲ್ಲಿ. ಮೂರು ಕಂತಿನಲ್ಲೂ ಕೊಡಬಹುದು.

ಮತ್ತೆ ಮಿಕ್ಸಿ. ಸನ್ನಿವೇಲ್‌ನಿಂದ ಮಿಕ್ಸಿ ತಂದಿದ್ದೀರಾ? ತಂದಿದ್ದರೆ ಪ್ಲಗ್ ಬದಲಿಸಿ ಹಾಕಿಬಿಟ್ಟೀರಿ ಜೋಕೆ. ಅಲ್ಲಿನದು 120 ವೋಲ್ಟ್, ಇಲ್ಲಿನದು 230. ಮೋಟಾರ್ ಹೊಗೆ ಬಿಡುತ್ತದೆ. ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗೆ ತೊಂದರೆ ಇಲ್ಲ, ಅವು ಎರಡೂ ಕಡೆ ನಡೆಯುತ್ತವೆ. ಬೆಂಗಳೂರಿನ ಮಿಕ್ಸಿ ಇಲ್ಲಿ ಆರಾಮಾಗಿ ನಡೆಯುತ್ತದೆ, ಎರಡೂ ಕಡೆ 50 ಹರ್ಟ್ಸ್. ಒಂದು ಅಡಾಪ್ಟರ್ ಸಾಕು. ಅಮೆರಿಕದ ಮಂದಿಗಿಂತ ನಾವು ಮುಂದೆ ಇರೋ ಒಂದೇ ವಿಷಯ ಇದು!

ರಾಮ್‌ಸ್ಟೈನ್_ನೆರೆ:

ಮಿಕ್ಸಿ ಅಂದಿದ್ದಕ್ಕೆ ಬಂದೆ. ನಾವು ಕೈಸರ್ಸ್‌ಲೌಟರ್ನ್ ಹತ್ತಿರ ಇದ್ದೇವೆ, ಯಜಮಾನರು ಅಮೆರಿಕದ ಸೇನಾ ನೆಲೆಯಲ್ಲಿ ಸಿವಿಲಿಯನ್ ಕೆಲಸದಲ್ಲಿದ್ದಾರೆ. ನಮ್ಮ ಮನೆಯಲ್ಲಿ ಎರಡು ಕರೆಂಟಿನ ಸಾಮಾನೂ ಇದೆ, ಮಧ್ಯೆ ಕಲ್ಲಿನಷ್ಟು ಭಾರದ ಟ್ರಾನ್ಸ್‌ಫಾರ್ಮರ್. ಮಿಕ್ಸಿಗಂತೂ ಅದೂ ಬೇಡ, ಇಲ್ಲಿನದೇ ಒಂದು ತಗೊಳ್ಳಿ.

ನಾನು ಹೇಳಬೇಕಾದದ್ದು ಬೇರೆ. ನಿಮ್ಮ ಸ್ಟುಟ್‌ಗಾರ್ಟ್‌ನಲ್ಲೂ ಪ್ಯಾಚ್ ಬ್ಯಾರಕ್ಸ್, ಕೆಲ್ಲಿ ಬ್ಯಾರಕ್ಸ್ ಅನ್ನುವ ಸೇನಾ ನೆಲೆಗಳಿವೆ, ಅಮೆರಿಕನ್ನರು ಬಹಳ ಸಿಗುತ್ತಾರೆ. ಸ್ನೇಹ ಮಾಡಿ, ಆದರೆ ಅವರ ಸಲಹೆ ಕೇಳಬೇಡಿ. ನೆಲೆಯವರಾದ ನಾವು ಸೇನೆಯ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದದ ಕೆಳಗೆ ಬಂದವರು. ಅನ್‌ಮೆಲ್ಡುಂಗ್ ಇಲ್ಲ, ಜರ್ಮನ್ ಆರೋಗ್ಯ ವಿಮೆ ಇಲ್ಲ, ಗೇಟಿನೊಳಗೆ ಡಾಲರಿನ ಅಂಗಡಿ. ಡ್ರೈವಿಂಗ್ ಲೈಸೆನ್ಸ್ ಕೂಡ ಸೇನೆಯವರೇ ಕೊಡುತ್ತಾರೆ. "ಅದೆಲ್ಲ ಏನೂ ಬೇಡ ಬಿಡು" ಅಂತ ಅವರು ಹೇಳಿದರೆ ಅದು ಅವರಿಗೆ ಸತ್ಯ, ನಿಮಗಲ್ಲ. ಎಷ್ಟೋ ಹುಡುಗರು ಇದರಿಂದ ಪೇಚಿಗೆ ಸಿಕ್ಕಿದ್ದಾರೆ.

ಸನ್ನಿವೇಲ್_ಹುಡುಗ:

ಲೈಸೆನ್ಸ್ ಅಂದಿರಿ, ಅದೇ ಕೇಳಬೇಕಿತ್ತು. ನನ್ನದು ಕ್ಯಾಲಿಫೋರ್ನಿಯಾದ್ದು. ಹದಿನಾರನೇ ವಯಸ್ಸಿನಿಂದ ಕಾರು ಓಡಿಸುತ್ತಿದ್ದೇನೆ. ಇಲ್ಲಿ ಬರೀ ಬದಲಿಸಿಕೊಂಡರೆ ಸಾಕಲ್ವಾ?

ಟೆಕ್ಸಾಸ್_ಟು_ಟ್ಯೂಬಿಂಗನ್:

ಹಹಹ, ಇಲ್ಲ. ಅದು ರಾಜ್ಯದ ಮೇಲೆ ಹೋಗುತ್ತದೆ. ಟೆಕ್ಸಾಸ್, ಇಲಿನಾಯ್, ಪೆನ್ಸಿಲ್ವೇನಿಯಾದವರಿಗೆ ಪರೀಕ್ಷೆ ಇಲ್ಲದೆ ಬದಲಿಸಿ ಕೊಡುತ್ತಾರೆ. ಫ್ಲಾರಿಡಾದವರು ಬರೆಯುವ ಪರೀಕ್ಷೆ ಮಾತ್ರ ಕೊಡಬೇಕು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನವರಿಗೆ ಎರಡೂ ಪರೀಕ್ಷೆ, ಬರೆಯೋದೂ ಓಡಿಸೋದೂ. ಜೊತೆಗೆ ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆಯ ತರಗತಿ. ಬಂದು ನೆಲೆಸಿದ ಆರು ತಿಂಗಳವರೆಗೆ ಹಳೆ ಲೈಸೆನ್ಸ್ ನಡೆಯುತ್ತದೆ, ಆಮೇಲೆ ಇಲ್ಲ.

ನಿಮಗೆ ಒಂದು ಸಮಾಧಾನ: ಲೈಸೆನ್ಸ್ ಇದ್ದವರಿಗೆ ಇಷ್ಟೇ ತರಗತಿ ಕೂರಬೇಕು ಅನ್ನುವ ಕಡ್ಡಾಯ ಇಲ್ಲ. ಆದರೆ ಪರೀಕ್ಷೆಗೆ ಹೆಸರು ಕೊಡೋದು ಡ್ರೈವಿಂಗ್ ಶಾಲೆಯ ಮೂಲಕವೇ, ಅವರು ಕೆಲವು ಪಾಠ ಹೇಳಿಯೇ ಬಿಡುತ್ತಾರೆ. ಅದು ಬೇಕು ಕೂಡ. ಫಲಕ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವರಿಗೆ ದಾರಿ ಬಿಡಬೇಕು, ಅವರು ಸಣ್ಣ ಗಲ್ಲಿಯಿಂದ ಬಂದರೂ. ಅಮೆರಿಕದವರು ಹೆಚ್ಚಾಗಿ ಇದರಲ್ಲೇ ಫೇಲ್. ಬರೆಯುವ ಪರೀಕ್ಷೆ ಇಂಗ್ಲಿಷ್‌ನಲ್ಲಿ ಇದೆ, ಓಡಿಸುವುದು ಜರ್ಮನ್‌ನಲ್ಲಿ ಮಾತ್ರ.

ಎಸ್ಲಿಂಗನ್_ಅಕ್ಕ:

ಸ್ಟುಟ್‌ಗಾರ್ಟ್‌ನಲ್ಲಿ ಇರುವವನಿಗೆ ಕಾರು ಯಾತಕ್ಕೆ? ಡಾಯ್ಚ್‌ಲಾಂಡ್ ಟಿಕೆಟ್ ತಗೋ. 2023ರ ಮೇ ತಿಂಗಳಲ್ಲಿ ತಿಂಗಳಿಗೆ 49 ಯೂರೊಗೆ ಶುರುವಾಯಿತು, ಆಮೇಲೆ 58 ಆಯಿತು, 2026ರ ಜನವರಿಯಿಂದ 63. ಏರಿದರೂ ಅಗ್ಗವೇ. ಊರಿನ ಟ್ರಾಮ್, ಬಸ್ಸು, ಎಸ್‌ಬಾನ್ (ಉಪನಗರ ರೈಲು), ದೇಶದ ಯಾವ ಊರಿನ ಲೋಕಲ್ ರೈಲಾದರೂ ಸರಿ. ವೇಗದ ರೈಲಿಗೆ ಮಾತ್ರ ಇಲ್ಲ. ಕಂಪನಿಯವರು ಸ್ವಲ್ಪ ಭರಿಸಿಕೊಡುತ್ತಾರಾ ಕೇಳು.

ಅದೇ ಟಿಕೆಟ್‌ನಲ್ಲಿ ಒಮ್ಮೆ ಟ್ಯೂಬಿಂಗನ್‌ಗೆ ಹೋಗಿ ಬಾ, ಸುಮಾರು ಒಂದು ಗಂಟೆ ದಾರಿ. ನಮ್ಮ ನಿಘಂಟಿನ ಕಿಟೆಲ್ ಕೊನೆಗಾಲದಲ್ಲಿ ಇದ್ದದ್ದು ಅಲ್ಲೇ, 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಮೊಗ್ಲಿಂಗ್ ತೀರಿಕೊಂಡದ್ದು ನಮ್ಮ ಎಸ್ಲಿಂಗನ್‌ನಲ್ಲಿ. ಬೆಂಗಳೂರಿನಿಂದ ಬಂದವರಿಗೇ ಇದು ಗೊತ್ತಿರುವುದಿಲ್ಲ. ವಿಷಯ ಎಲ್ಲಿಗೋ ಹೋಯಿತು, ಇರಲಿ.

ಬ್ಲೂಕಾರ್ಡ್_ಬಸವ:

ಭಾನುವಾರದ ಬಗ್ಗೆ ಯಾರೂ ಹೇಳಲಿಲ್ಲ. ಅಂಗಡಿ ಎಲ್ಲ ಬಂದ್. ಶನಿವಾರ ರಾತ್ರಿ ಹಾಲು ಮುಗಿದರೆ ರೈಲ್ವೆ ಸ್ಟೇಷನ್ ಒಳಗಿನ ಅಂಗಡಿ ಅಥವಾ ಪೆಟ್ರೋಲ್ ಬಂಕ್ ಗತಿ. ಇದು ಬರೀ ಪದ್ಧತಿ ಅಲ್ಲ, 1919ರ ವೈಮಾರ್ ಸಂವಿಧಾನದಲ್ಲಿ ಭಾನುವಾರದ ವಿಶ್ರಾಂತಿ ಅಂತ ಬರೆದದ್ದನ್ನು ಈಗಿನ ಸಂವಿಧಾನದಲ್ಲೂ ಹಾಗೇ ಉಳಿಸಿಕೊಂಡಿದ್ದಾರೆ. ಅವತ್ತು ಡ್ರಿಲ್ ಹಾಕುವ ಹಾಗಿಲ್ಲ, ಬೀದಿಯ ಡಬ್ಬಕ್ಕೆ ಗಾಜಿನ ಬಾಟಲಿ ಎಸೆಯುವ ಹಾಗೂ ಇಲ್ಲ, ಸದ್ದಾಗುತ್ತದಂತೆ. ಮೊದಲು ಸಿಟ್ಟು ಬರುತ್ತಿತ್ತು. ಈಗ ಬೆಂಗಳೂರಿಗೆ ಹೋದಾಗ ಭಾನುವಾರ ಪಕ್ಕದ ಸೈಟಿನಲ್ಲಿ ಕಾಂಕ್ರೀಟ್ ಮಿಕ್ಸರ್ ತಿರುಗಿದರೆ ನನಗೇ ತಡೆಯಲಾಗುವುದಿಲ್ಲ.

ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ಎಸೆಯಬೇಡಿ ಸರ್. ಒಂದೊಂದಕ್ಕೆ 25 ಸೆಂಟ್ ಅಂಗಡಿಯ ಮಷಿನ್‌ನಲ್ಲಿ ವಾಪಸ್.

ಹುಬ್ಬಳ್ಯಾಂವ:

ಟಿವಿ ಇಲ್ಲದಿದ್ದರೂ ಮನೆಗೊಂದರಂತೆ ತಿಂಗಳಿಗೆ 18.36 ಯೂರೊ ರೇಡಿಯೊ-ಟಿವಿ ಶುಲ್ಕದ ಕಾಗದ ಬರುತ್ತದೆ ನೋಡ್ರಿ. ಮೋಸ ಅಂತ ಹರಿದು ಹಾಕಬೇಡಿ, ಅದು ನಿಜವಾದದ್ದು.

ಸನ್ನಿವೇಲ್_ಹುಡುಗ:

ಬಂದಿದೆ, ಟೇಬಲ್ ಮೇಲಿದೆ. ಇಲ್ಲಿ ಎಲ್ಲವೂ ಕಾಗದದಲ್ಲೇ ಬರುತ್ತದಲ್ಲ!

ಕಾಗದ, ಕಸ, ಭಾನುವಾರ ಇವೆಲ್ಲ ಕಲಿತುಬಿಡುತ್ತೇನೆ. ನಿಜವಾಗಿ ಕೊರೆಯುವುದು ಜನರ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಕಾಫಿ ಅಂಗಡಿಯವನೂ ಹೆಸರು ಹಿಡಿದು ಮಾತಾಡಿಸುತ್ತಾನೆ. ಇಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಹೇಗಿದ್ದೀರಿ ಅಂದರೆ ಏನೋ ಅನುಮಾನ ಬಂದವರ ಹಾಗೆ ನೋಡುತ್ತಾರೆ. ಸಾಮಾನು ಚೀಲಕ್ಕೆ ಹಾಕುವಷ್ಟರಲ್ಲಿ ಹಿಂದಿನವರದ್ದು ಬಂದು ಬೀಳುತ್ತದೆ. ಆಫೀಸಿನಲ್ಲಿ ಐದು ಗಂಟೆಗೆ ಎಲ್ಲರೂ ಹೊರಟರೆ ಮುಗಿಯಿತು, ಒಬ್ಬರೂ ಬೀರ್‌ಗೆ ಬಾ ಅನ್ನುವುದಿಲ್ಲ. ನನ್ನಲ್ಲೇ ಏನಾದರೂ ತಪ್ಪಿದೆಯಾ?

ಟೆಕ್ಸಾಸ್_ಟು_ಟ್ಯೂಬಿಂಗನ್:

ಇಲ್ಲ ಇಲ್ಲ. ನನಗೂ ಮೊದಲ ಸೆಮಿಸ್ಟರ್ ಪೂರ್ತಿ ಹೀಗೇ ಅನ್ನಿಸಿತ್ತು. ಇಲ್ಲಿ ಸುಮ್ಮನೆ ಸಿಕ್ಕಿದವರ ಜೊತೆ ಸ್ನೇಹ ಬೆಳೆಯುವುದಿಲ್ಲ. ಪ್ರತಿ ಮಂಗಳವಾರ ಸಂಜೆ ಏಳಕ್ಕೆ ಅದೇ ಜಾಗದಲ್ಲಿ ಅದೇ ಜನ ಸಿಗಬೇಕು, ಆಗ ಬೆಳೆಯುತ್ತದೆ. ಅದಕ್ಕೇ ಎಲ್ಲದಕ್ಕೂ ಫೆರೈನ್, ಅಂದರೆ ಸಂಘ, ಇರೋದು. ಓಟಕ್ಕೆ, ಹಾಡಿಗೆ, ಚೆಸ್‌ಗೆ, ಬೆಟ್ಟ ಹತ್ತಲು, ಮೊಲ ಸಾಕಲು ಕೂಡ. ಏಳು ಜನ ಸೇರಿದರೆ ಕೋರ್ಟಿನಲ್ಲಿ ನೋಂದಣಿ ಮಾಡಿಸಿಬಿಡುತ್ತಾರೆ! ನಾನು ಬೆಟ್ಟ ಹತ್ತುವ ಸಂಘ ಸೇರಿದೆ. ಮೊದಮೊದಲು ಬರೀ ಬೂಟಿನ ಬಗ್ಗೆ, ಮಳೆಯ ಬಗ್ಗೆ ಮಾತು. ಹಾಗೇ ಒಂದು ದಿನ ಒಬ್ಬಳು ಮನೆಗೆ ಊಟಕ್ಕೆ ಕರೆದಳು. ಕರೆದರು ಅಂದರೆ ನಿಜಕ್ಕೂ ಕರೆದರು ಅಂತ. "ಯಾವಾಗಲಾದರೂ ಸಿಗೋಣ" ಅಂತ ನಮ್ಮವರು ಹೇಳಿ ಮರೆತುಬಿಡುತ್ತೇವಲ್ಲ, ಇಲ್ಲಿ ಹಾಗೆ ಅಂದರೆ ಡೈರಿ ತೆಗೆಯುತ್ತಾರೆ.

ಹುಟ್ಟುಹಬ್ಬಕ್ಕೆ ಕೇಕ್ ನೀವೇ ಆಫೀಸಿಗೆ ತಗೊಂಡು ಹೋಗಬೇಕು. ಊರಿನಲ್ಲಿ ಕಸಿನ್‌ಗಳು ಶಾಲೆಗೆ ಚಾಕೊಲೇಟ್ ಡಬ್ಬ ತಗೊಂಡು ಹೋಗುತ್ತಿದ್ದರಲ್ಲ, ಹಾಗೆ. ಬೇರೆಯವರಿಗೆ ಒಂದು ದಿನ ಮೊದಲೇ ಶುಭಾಶಯ ಹೇಳಬೇಡಿ, ಅಪಶಕುನ ಅಂತಾರೆ.

ರಾಮ್‌ಸ್ಟೈನ್_ನೆರೆ:

ಸ್ಟುಟ್‌ಗಾರ್ಟ್‌ನಲ್ಲಿ ಜರ್ಮನ್-ಅಮೆರಿಕನ್ ಸೆಂಟರ್ ಇದೆ, ಜೇಮ್ಸ್ ಬರ್ನ್ಸ್ ಹೆಸರಿನಲ್ಲಿ. 1946ರಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿಯಾಗಿ ಸ್ಟುಟ್‌ಗಾರ್ಟ್‌ಗೆ ಬಂದು, ಯುದ್ಧದಲ್ಲಿ ಸೋತ ಜರ್ಮನ್ನರಿಗೆ ಧೈರ್ಯ ಹೇಳುವ ಭಾಷಣ ಮಾಡಿದವರು. ಅಲ್ಲಿ ಸೇನೆಗೆ ಸಂಬಂಧವಿಲ್ಲದ ಅಮೆರಿಕನ್ನರೂ ಸಿಗುತ್ತಾರೆ, ಇಂಗ್ಲಿಷ್ ಇಷ್ಟಪಡುವ ಜರ್ಮನ್ನರೂ ಸಿಗುತ್ತಾರೆ. ಮನೆ ನೆನಪಾದಾಗ ಹೋಗಿ. ಆದರೆ ಅಲ್ಲೇ ಠಿಕಾಣಿ ಹೂಡಬೇಡಿ.

ಬ್ಲೂಕಾರ್ಡ್_ಬಸವ:

ಅಷ್ಟೆಲ್ಲ ಯಾಕೆ. ಇಂಗ್ಲಿಷ್ ಸಾಕು ಸರ್. ನನ್ನ ಆಫೀಸು ಇಂಗ್ಲಿಷ್, ಸ್ನೇಹಿತರು ಇಂಗ್ಲಿಷ್, ಬರ್ಲಿನ್‌ನಲ್ಲಂತೂ ಹೋಟೆಲಿನವರಿಗೇ ಜರ್ಮನ್ ಬರುವುದಿಲ್ಲ.

ಎಸ್ಲಿಂಗನ್_ಅಕ್ಕ:

ಬಸವ, ನೀನು ಈ ಮಾತು ಪ್ರತಿ ಚರ್ಚೆಯಲ್ಲೂ ಹೇಳುತ್ತೀಯ. ನಿನ್ನ ಹಾಗೆ ಬ್ಲೂಕಾರ್ಡ್, ಅಂದರೆ ಪದವೀಧರರ ಕೆಲಸದ ಪರವಾನಗಿ, ಇರುವವರಿಗೆ ಬಿ1 (ಮಧ್ಯಮ) ಮಟ್ಟದ ಜರ್ಮನ್ ಇದ್ದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ, ಎ1 (ಆರಂಭದ ಮಟ್ಟ) ಇದ್ದರೆ 27. ಆರು ತಿಂಗಳು ಉಳಿಯುತ್ತದೆ, ಪಾಠಕ್ಕೆ ಹೋಗು ಅಂದರೆ ಕೇಳುವುದಿಲ್ಲ.

ಸನ್ನಿವೇಲ್ ಹುಡುಗ, ನೀನು ಇವನ ಮಾತು ಕೇಳಬೇಡ. ಊರಿನ ಫೋಕ್ಸ್‌ಹೋಖ್‌ಶೂಲೆಯಲ್ಲಿ, ಅಂದರೆ ದೊಡ್ಡವರ ಶಿಕ್ಷಣ ಕೇಂದ್ರದಲ್ಲಿ, ಸಂಜೆ ತರಗತಿ ಇದೆ, ಖಾಸಗಿ ಸಂಸ್ಥೆಗಳಿಗಿಂತ ಅಗ್ಗ. ಆಫೀಸಿನಲ್ಲಿ ನಿನ್ನ ಎದುರು ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ. ಊಟದ ಟೇಬಲ್‌ಗೆ ಹೋದ ತಕ್ಷಣ ಜರ್ಮನ್‌ಗೆ ತಿರುಗುತ್ತಾರೆ, ಅಲ್ವಾ? ನಗು, ಚೇಷ್ಟೆ ಎಲ್ಲ ಅಲ್ಲೇ ಇರೋದು. ನಿನ್ನನ್ನು ಯಾರೂ ಬೇಕಂತ ದೂರ ಇಟ್ಟಿಲ್ಲ ಮರಿ. ಇಡೀ ದಿನ ನಿನಗೋಸ್ಕರ ಪರಭಾಷೆ ಮಾತಾಡಿ ಅವರಿಗೂ ಸುಸ್ತಾಗಿರುತ್ತದೆ.

ಸನ್ನಿವೇಲ್_ಹುಡುಗ:

ಅಕ್ಕ, ಹೀಗೆ ನಾನು ಯೋಚಿಸಿಯೇ ಇರಲಿಲ್ಲ. ತರಗತಿಗೆ ಹೆಸರು ಕೊಡುತ್ತೇನೆ.

ಇನ್ನೊಂದು. ಹೋದ ವಾರ ನೆಗಡಿ, ಸ್ವಲ್ಪ ಜ್ವರ ಇತ್ತು, ಆಫೀಸಿಗೆ ಹೋದೆ. ಸಹೋದ್ಯೋಗಿಯೊಬ್ಬರು ಮುಖ ಸಿಂಡರಿಸಿ ಮನೆಗೆ ಹೋಗು ಅಂದರು. ನಮ್ಮಲ್ಲಿ ಕಾಯಿಲೆ ರಜೆ ಅಂದರೆ ವರ್ಷಕ್ಕೆ ಇಷ್ಟು ಅಂತ ಎಣಿಸಿ ಕೊಡುತ್ತಾರೆ, ಉಳಿಸಿಕೊಳ್ಳೋಣ ಅಂತ ಅಭ್ಯಾಸ.

ಲೆಕ್ಕದ_ಪುಸ್ತಕ:

ಆ ಅಭ್ಯಾಸ ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕಿತ್ತು. ಇಲ್ಲಿ ಕಾಯಿಲೆ ರಜೆ ಎಣಿಸುವುದಿಲ್ಲ. ಕೆಲಸಕ್ಕೆ ಸೇರಿ ನಾಲ್ಕು ವಾರ ಆದವರಿಗೆ ಒಂದು ಕಾಯಿಲೆಗೆ ಆರು ವಾರದವರೆಗೆ ಕಂಪನಿ ಪೂರ್ತಿ ಸಂಬಳ ಕೊಡಬೇಕು. ಅದು ಮೀರಿದರೆ ವಿಮೆಯವರು ಕೊಡುತ್ತಾರೆ, ಸ್ವಲ್ಪ ಕಡಿಮೆ. ಬೆಳಿಗ್ಗೆಯೇ ಆಫೀಸಿಗೆ ತಿಳಿಸಿ. ಮೂರು ದಿನಕ್ಕಿಂತ ಜಾಸ್ತಿ ಆದರೆ ವೈದ್ಯರ ಚೀಟಿ ಬೇಕು, ಕೆಲವು ಕಂಪನಿಗಳು ಮೊದಲ ದಿನವೇ ಕೇಳುತ್ತವೆ, ಕರಾರು ನೋಡಿ. 2023ರಿಂದ ಆ ಚೀಟಿಯನ್ನು ಕಂಪನಿಯವರೇ ವಿಮೆಯವರಿಂದ ಆನ್‌ಲೈನ್‌ನಲ್ಲಿ ತರಿಸಿಕೊಳ್ಳುತ್ತಾರೆ. ಕಾಗದ ಕಡಿಮೆಯಾದ ಅಪರೂಪದ ಉದಾಹರಣೆ ಇದು.

ಹತ್ತಿರದ ಒಬ್ಬ ಮನೆವೈದ್ಯರಲ್ಲಿ ಆರೋಗ್ಯ ಇರುವಾಗಲೇ ಹೆಸರು ಬರೆಸಿ. ರಾತ್ರಿ, ವಾರಾಂತ್ಯದಲ್ಲಿ ವೈದ್ಯರು ಬೇಕಾದರೆ 116117ಗೆ ಫೋನ್ ಮಾಡಿ. ಜೀವಕ್ಕೆ ಅಪಾಯ ಇದ್ದರೆ 112. ಅಮೆರಿಕದ ಹಾಗೆ ಆಂಬುಲೆನ್ಸ್ ಬಿಲ್ಲಿಗೆ ಹೆದರಿ ಕಾರಿನಲ್ಲಿ ಹೋಗುವ ಪ್ರಮೇಯ ಇಲ್ಲ.

ಫ್ರೀಮಾಂಟ್_ಅಮ್ಮ:

ನಾನೂ ಓದುತ್ತಾ ಇದ್ದೆ. ನನ್ನ ಮಗಳು ಹೈಡೆಲ್‌ಬರ್ಗ್‌ಗೆ ಎಂ.ಎಸ್‌ಸಿ. ಮಾಡಲು ಹೊರಟಿದ್ದಾಳೆ. ಅವಳೂ ಅಮೆರಿಕದಲ್ಲೇ ಹುಟ್ಟಿದವಳು. ಓದು ಪೂರ್ತಿ ಪುಕ್ಕಟೆ ಅಂತಾಳೆ, ನಿಜವೇ? ಒಬ್ಬಳೇ ಹೇಗಿರುತ್ತಾಳೋ. ಒಂದು ಡಬ್ಬ ತುಪ್ಪ, ಸಾರಿನ ಪುಡಿ ಕಟ್ಟಿ ಕೊಡೋಣ ಅಂತಿದ್ದೇನೆ.

ಟೆಕ್ಸಾಸ್_ಟು_ಟ್ಯೂಬಿಂಗನ್:

ಆಂಟಿ, ಪೂರ್ತಿ ಪುಕ್ಕಟೆ ಅಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೊ ಇದೆ, ಹೈಡೆಲ್‌ಬರ್ಗ್ ಇದೇ ರಾಜ್ಯ. ನಾನೂ ಕಟ್ಟುತ್ತಿದ್ದೇನೆ. ಬೇರೆ ಬಹುತೇಕ ರಾಜ್ಯಗಳಲ್ಲಿ ಈ ಶುಲ್ಕ ಇಲ್ಲ. ಖರ್ಚಿಗೆ ದುಡ್ಡಿದೆ ಅಂತ ತೋರಿಸಲು ವರ್ಷಕ್ಕೆ 11,904 ಯೂರೊ ತಡೆಹಿಡಿದ ಖಾತೆಯಲ್ಲಿ ಇಡಬೇಕು, ಅದು ತಿಂಗಳಿಗೆ 992ರಂತೆ ಅವಳ ಕೈಗೇ ಬರುತ್ತದೆ. ಟೆಕ್ಸಾಸ್‌ನ ಕಾಲೇಜು ಫೀಸು ನೆನೆಸಿಕೊಂಡರೆ ನನಗೆ ಇದೇ ಪುಕ್ಕಟೆ.

ಎಸ್ಲಿಂಗನ್_ಅಕ್ಕ:

ತುಪ್ಪ ಬೇಡ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ, ಕಸ್ಟಮ್ಸ್‌ನವರು ಎತ್ತಿಡುತ್ತಾರೆ. ಇಲ್ಲಿನ ಉಪ್ಪಿಲ್ಲದ ಬೆಣ್ಣೆ ಕಾಯಿಸಿದರೆ ಘಮಘಮ ತುಪ್ಪ ಆಗುತ್ತದೆ. ಸಾರಿನ ಪುಡಿ ಧಾರಾಳವಾಗಿ ಕಳಿಸಿ. ಧೈರ್ಯವಾಗಿರಿ, ರಾತ್ರಿ ಹನ್ನೊಂದಕ್ಕೂ ಹುಡುಗಿಯರು ಇಲ್ಲಿ ಟ್ರಾಮ್‌ನಲ್ಲಿ ಓಡಾಡುತ್ತಾರೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತದೆ, ಕ್ಯಾಲಿಫೋರ್ನಿಯಾದ ಮಕ್ಕಳಿಗೆ ಮನಸ್ಸು ಕುಗ್ಗುವುದು ಆಗಲೇ. ಆ ತಿಂಗಳು ನೀವು ಫೋನ್ ಜಾಸ್ತಿ ಮಾಡಿ. ಹತ್ತಿರದ ಕನ್ನಡ ಕೂಟದವರನ್ನು ಮೊದಲೇ ಪರಿಚಯ ಮಾಡಿಕೊಳ್ಳಲಿ.

ಫ್ರೀಮಾಂಟ್_ಅಮ್ಮ:

ಬಹಳ ಉಪಕಾರ ಆಯಿತು ಕಣ್ರೀ. ಅವಳು ಅಲ್ಲೇ ಉಳಿದುಬಿಟ್ಟರೆ? ಅಮೆರಿಕದ ಪೌರತ್ವ ಬಿಡಬೇಕಾಗುತ್ತದೆಯೇ?

ಲೆಕ್ಕದ_ಪುಸ್ತಕ:

ಈಗ ಇಲ್ಲ ಮೇಡಂ. 2024ರ ಜೂನ್ 27ರಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಐದು ವರ್ಷ ಇದ್ದವರು ಅರ್ಜಿ ಹಾಕಬಹುದು. ಅಮೆರಿಕವೂ ಬೇಡ ಅನ್ನುವುದಿಲ್ಲ. ಬಸವ ಅವರಿಗೆ ಈ ಅನುಕೂಲ ಇಲ್ಲ, ಭಾರತ ಒಂದೇ ಪೌರತ್ವ ಅನ್ನುತ್ತದೆ.

ಬ್ಲೂಕಾರ್ಡ್_ಬಸವ:

ಗಾಯಕ್ಕೆ ಉಪ್ಪು ಹಾಕಿದ್ದಕ್ಕೆ ಧನ್ಯವಾದ ಸರ್.

ಸನ್ನಿವೇಲ್_ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಹುಬ್ಬಳ್ಳಿ ಅಣ್ಣನಿಗೆ ಮೆಸೇಜ್ ಕಳಿಸಿದ್ದೇನೆ, ಅಡುಗೆಮನೆ ಒಂದು ನೋಡಿದ್ದೇನೆ, ಜೋಡಿಸಲು ಸಹಾಯ ಬೇಕು. ಕೊನೆಯದಾಗಿ ಒಂದೇ ಪ್ರಶ್ನೆ, ಅಮೆರಿಕದ ಚುನಾವಣೆಗೆ ಇಲ್ಲಿಂದ ವೋಟ್ ಹಾಕುವುದು ಹೇಗೆ?

ರಾಮ್‌ಸ್ಟೈನ್_ನೆರೆ:

ಪ್ರತಿ ವರ್ಷ ಜನವರಿಯಲ್ಲಿ ಎಫ್‌ಪಿಸಿಎ ಅನ್ನುವ ಫಾರಂ ತುಂಬಿ ನೀವು ಕೊನೆಗೆ ವಾಸವಿದ್ದ ಕೌಂಟಿಗೆ ಕಳಿಸಿ. ಖಾಲಿ ಮತಪತ್ರ ಇಮೇಲ್‌ನಲ್ಲೇ ಬರುವ ಹಾಗೆ ಕೇಳಬಹುದು. ತುಂಬಿದ್ದನ್ನು ವಾಪಸ್ ಕಳಿಸುವ ರೀತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದವರು ಅಂಚೆಯಲ್ಲಿ ತಗೊಳ್ಳುತ್ತಾರೆ, ಫ್ಯಾಕ್ಸ್‌ನಲ್ಲೂ ತಗೊಳ್ಳುತ್ತಾರೆ.

ಸನ್ನಿವೇಲ್_ಹುಡುಗ:

ಫ್ಯಾಕ್ಸಾ? ಈ ಕಾಲದಲ್ಲಿ ಫ್ಯಾಕ್ಸ್ ಮಷಿನ್ ಎಲ್ಲಿಂದ ತರಲಿ?

ಹುಬ್ಬಳ್ಯಾಂವ:

ನೀವು ಇರೋದು ಜರ್ಮನಿಯಲ್ಲಿರೀ. ನಿಮ್ಮ ಡಾಕ್ಟರ ಹತ್ತಿರ ಒಂದು ಇದ್ದೇ ಇರುತ್ತದೆ, ಕೇಳಿ ನೋಡಿ.